ಸೋರುವ ತಂಪು

ಜೂನ್ ಬಂತೆಂದರೆ ಕುವೈತಿನಲ್ಲಿ ನಾವು ಗೀಸರಿನ ಸ್ವಿಚ್ಚನ್ನು ಆರಿಸಿಬಿಡುತ್ತೇವೆ. ಬಿಸಿನೀರು ಬೇಡವೆಂದಲ್ಲ, ತಣ್ಣೀರು ಬೇಕೆಂದು. ತಾರಸಿಯ ಮೇಲಿನ ಟ್ಯಾಂಕು ಹಗಲಿಡೀ ಕಾಯುತ್ತದೆ. ತಣ್ಣೀರಿನ ನಲ್ಲಿ ತಿರುಗಿಸಿದರೆ ಕೈ ಒಡ್ಡಲಾಗದಷ್ಟು ಬಿಸಿನೀರು ಸುರಿಯುತ್ತದೆ. ಗೀಸರಿನ ಡ್ರಮ್ಮು ಮಾತ್ರ ಎಸಿ ಇರುವ ಮನೆಯೊಳಗೆ ನೆರಳಿನಲ್ಲಿ ಕೂತಿರುತ್ತದೆ. ರಾತ್ರಿ ಅದರಲ್ಲಿ ನಿಂತ ನೀರು ಬೆಳಗಿನ ಹೊತ್ತಿಗೆ ಮೈಗೆ ಹಿತವಾಗುವಷ್ಟು ತಣಿದಿರುತ್ತದೆ. ಹಾಗಾಗಿ ಬೇಸಿಗೆ ಮುಗಿಯುವತನಕ ಕೆಂಪು ಗುರುತಿನ ನಲ್ಲಿಯಲ್ಲಿ ತಣ್ಣೀರು, ನೀಲಿ ಗುರುತಿನದರಲ್ಲಿ ಬಿಸಿನೀರು. ಊರಿನಿಂದ ಹೊಸದಾಗಿ ಬಂದವರಿಗೆ ಮೊದಲ ದಿನವೇ ಹೇಳಿಕೊಡಬೇಕಾದ ಸಂಗತಿ ಇದು. ಇಲ್ಲದಿದ್ದರೆ ಮೈ ಸುಟ್ಟುಕೊಳ್ಳುತ್ತಾರೆ.

ಈ ಉಪಾಯದ ಬಗ್ಗೆ ನನಗೆ ಬಹಳ ಗೌರವ. ಯಾವುದೋ ಮನೆಯ ಹೆಂಗಸಿಗೋ, ಬ್ಯಾಚಲರ್ ರೂಮಿನ ಹುಡುಗನಿಗೋ ಮೊದಲು ಹೊಳೆದಿರಬೇಕು. ಹೊಸ ಯಂತ್ರ ತರಲಿಲ್ಲ, ಇದ್ದ ಯಂತ್ರವನ್ನೇ ನಿಲ್ಲಿಸಿದರು. ಮನೆಗೆ ಬಿಸಿ ಎಲ್ಲಿಂದ ಬರುತ್ತದೆ, ತಂಪು ಎಲ್ಲಿ ಉಳಿಯುತ್ತದೆ ಎಂದು ನೋಡಿದರು, ಅಷ್ಟೆ. ಮನೆಬಳಕೆಯ ಕರೆಂಟಿನ ಬಗ್ಗೆ ನನಗೆ ಹೇಳಬೇಕೆನಿಸುವುದೆಲ್ಲ ಹೆಚ್ಚುಕಡಿಮೆ ಇದರಲ್ಲೇ ಇದೆ.

ಈಗ ನಮ್ಮವರ ಮಾತೆಲ್ಲ ಸೋಲಾರಿನದು. ಶುಕ್ರವಾರ ಯಾರದಾದರೂ ಮನೆಯಲ್ಲಿ ಊಟಕ್ಕೆ ಸೇರಿದಾಗ, ಕುವೈತ್ ಕನ್ನಡ ಕೂಟದ ಕಾರ್ಯಕ್ರಮದಲ್ಲಿ ಚಹಾ ಹಿಡಿದು ನಿಂತಾಗ, ಗಂಡಸರ ನಡುವೆ ಆ ಪ್ರಶ್ನೆ ಬಂದೇ ಬರುತ್ತದೆ: ಊರ ಮನೆಗೆ ಎಷ್ಟು ಕಿಲೋವಾಟ್ ಹಾಕಿಸಿದಿರಿ? ಐದು, ಎಂಟು, ಹತ್ತು. ಸೂರ್ಯನಿಂದ ಕರೆಂಟು ಬರಲಿ ಎಂದು ನಾನೂ ಮನಸಾರೆ ಬಯಸುತ್ತೇನೆ. ಆದರೆ ಆ ಮನೆಗೆ ನಿಜವಾಗಿ ಎಷ್ಟು ಬೇಕು ಎಂದು ಮೊದಲು ಕೇಳಿದವರನ್ನು ಕಂಡದ್ದು ಕಡಿಮೆ. ಹಳೆಯ ಬಿಲ್ಲಿನಲ್ಲಿ ಎಷ್ಟು ಯೂನಿಟ್ ಇದೆಯೋ ಅಷ್ಟಕ್ಕೂ ಪ್ಯಾನೆಲ್ ಹಾಕಿಸುತ್ತಾರೆ. ಆ ಬಿಲ್ಲಿನಲ್ಲಿ ಮನೆಯವರು ಅನುಭವಿಸಿದ್ದೆಷ್ಟು, ಬಾಗಿಲ ಸಂದಿಯಲ್ಲಿ ಸೋರಿಹೋದದ್ದೆಷ್ಟು ಎಂದು ವಿಂಗಡಿಸಿ ನೋಡುವುದಿಲ್ಲ.

ಕುವೈತಿನಲ್ಲಿ ಇದನ್ನು ನೋಡದೆ ಇರುವುದು ಬಹಳ ಸುಲಭ. ಇಲ್ಲಿ ಸ್ವಂತ ಮನೆಗಳಲ್ಲಿ ಇರುವ ಕುವೈತಿ ಪ್ರಜೆಗಳಿಗೆ ಒಂದು ಯೂನಿಟ್ಟಿಗೆ 2 ಫಿಲ್ಸ್. 1966ರಿಂದ ಈ ದರ ಕದಲಿಲ್ಲ. ದಿನಾರಿಗೆ ಸಾವಿರ ಫಿಲ್ಸ್. ನಮ್ಮ ಲೆಕ್ಕದಲ್ಲಿ ಅರ್ಧ ರೂಪಾಯಿ ಚಿಲ್ಲರೆಗೆ ಒಂದು ಯೂನಿಟ್, ಊರಿನಲ್ಲಿ ಅದಕ್ಕೆ ಆರು ರೂಪಾಯಿಯ ಆಸುಪಾಸು ಕೊಡುತ್ತೇವೆ. ಒಂದು ಯೂನಿಟ್ ಉತ್ಪಾದಿಸಲು ಇಲ್ಲಿನ ಸರಕಾರಕ್ಕೆ ಬೀಳುವ ಖರ್ಚು ಆ 2 ಫಿಲ್ಸಿನ ಹತ್ತು ಪಟ್ಟಿಗೂ ಹೆಚ್ಚು. 2017ರಲ್ಲಿ ನಮ್ಮಂಥವರು ಬಾಡಿಗೆಗೆ ಇರುವ ಕಟ್ಟಡಗಳಿಗೆ ದರ 5 ಫಿಲ್ಸ್ ಆಯಿತು. ಆಗ ಸಾಲ್ಮಿಯಾದಲ್ಲೂ ಅಬ್ಬಾಸಿಯಾದಲ್ಲೂ ಸ್ವಲ್ಪ ಗಾಬರಿಯಾದದ್ದು ನಿಜ. ಆದರೆ ಎಷ್ಟೋ ಕಟ್ಟಡಗಳಲ್ಲಿ ಕರೆಂಟು ನೀರು ಬಾಡಿಗೆಯಲ್ಲೇ ಸೇರಿಕೊಂಡಿರುತ್ತದೆ. ತಿಂಗಳ ಕೊನೆಗೆ ಕೈಗೆ ಬಿಲ್ಲೇ ಬರದ ಮನೆಯಲ್ಲಿ ಮೀಟರು ಎಲ್ಲಿದೆ ಎಂದು ಮಕ್ಕಳಿಗೆ ಗೊತ್ತಿಲ್ಲ, ಅಪ್ಪ ಅಮ್ಮನಿಗೂ ಗೊತ್ತಿಲ್ಲ. ಕಟ್ಟಡ ನೋಡಿಕೊಳ್ಳುವ ಹಾರಿಸ್‌ಗೆ ಮಾತ್ರ ಗೊತ್ತು. ಕುವೈತಿನಲ್ಲಿ ತಲೆಗೆ ಬೀಳುವ ವಿದ್ಯುತ್ ಬಳಕೆ ಭಾರತದ ಸರಾಸರಿಯ ಹತ್ತು ಪಟ್ಟಿಗಿಂತ ಹೆಚ್ಚು. ಜಗತ್ತಿನಲ್ಲೇ ಅತಿ ಹೆಚ್ಚು ಬಳಸುವ ದೇಶಗಳಲ್ಲಿ ಇದೂ ಒಂದು.

ಎಸಿ ಬೇಡವೆಂದು ಹೇಳುವವಳು ನಾನಲ್ಲ. 2016ರ ಜುಲೈ 21ರಂದು ಇಲ್ಲಿನ ಮಿತ್ರಿಬಾದಲ್ಲಿ ದಾಖಲಾದ 53.9 ಡಿಗ್ರಿಯನ್ನು ವಿಶ್ವ ಹವಾಮಾನ ಸಂಸ್ಥೆ ಪರಿಶೀಲಿಸಿ ಒಪ್ಪಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರತನಕ ಬಿಸಿಲಲ್ಲಿ ಕೆಲಸ ಮಾಡಿಸಬಾರದೆಂದು ಸರಕಾರವೇ ನಿಯಮ ಮಾಡಿದೆ. ಕ್ರೇನಿನ ಮೇಲೆ, ಪೈಪ್‌ಲೈನಿನ ಪಕ್ಕ ದುಡಿದು ಬಂದ ಮನುಷ್ಯನಿಗೆ ರಾತ್ರಿ ತಣ್ಣಗಿನ ಕೋಣೆಯಲ್ಲಿ ನಿದ್ದೆ ಬೇಕು. ಅದು ಸುಖದ ಮಾತಲ್ಲ, ಬದುಕಿನ ಮಾತು. ಅದಕ್ಕೇ ತಂಪನ್ನು ಹಾಳುಮಾಡುವುದು ನನಗೆ ಅನ್ನ ಚೆಲ್ಲಿದಷ್ಟು ಸಂಕಟ ತರುತ್ತದೆ.

ನಮ್ಮ ಮನೆಯವರು ಎಸಿ ಮೆಂಟೆನೆನ್ಸಿನ ಕೆಲಸದವರು. ಮೇ ತಿಂಗಳಿನಿಂದ ಅವರ ಫೋನು ನಿಲ್ಲುವುದಿಲ್ಲ. ಎಲ್ಲರ ದೂರೂ ಒಂದೇ: ಎಸಿ ತಂಪು ಕೊಡುತ್ತಿಲ್ಲ, ಗ್ಯಾಸ್ ಹಾಕಬೇಕು. ಇವರು ಹೋಗಿ ನೋಡಿದರೆ ಎಷ್ಟೋ ಸಲ ಗ್ಯಾಸ್ ಸರಿಯಾಗೇ ಇರುತ್ತದೆ. ಫಿಲ್ಟರಿನ ಮೇಲೆ ಬೆರಳು ದಪ್ಪ ಧೂಳು. ಹೊರಗಿನ ಯೂನಿಟ್ಟಿನ ಕಾಯಿಲ್ ಮರಳುಗಾಳಿಯ ಮಣ್ಣಿನಿಂದ ಮುಚ್ಚಿಹೋಗಿರುತ್ತದೆ. ಒಳಗಿನ ಬಿಸಿಯನ್ನು ಹೊರಗೆ ಬಿಡಬೇಕಾದ ಜಾಗವೇ ಕಟ್ಟಿಕೊಂಡರೆ ಕಂಪ್ರೆಸರ್ ಹಗಲೂ ರಾತ್ರಿ ಒದ್ದಾಡುತ್ತದೆ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನು ಬೆಳಿಗ್ಗೆ ದೋಸೆ ಹೊಯ್ಯುವಾಗ ಹಾಕಿದ್ದು ಮಧ್ಯಾಹ್ನದವರೆಗೂ ತಿರುಗುತ್ತಲೇ ಇರುತ್ತದೆ. ಅದು ಒಳಗಿನ ತಣ್ಣನೆಯ ಗಾಳಿಯನ್ನು ಎಳೆದು ಹೊರಗೆ ಹಾಕುತ್ತದೆ. ಅಷ್ಟೇ ಗಾಳಿ ಮುಂಬಾಗಿಲಿನ ಅಡಿಯಿಂದ, ಕಿಟಕಿಯ ಅಂಚಿನಿಂದ, ನಲವತ್ತೆಂಟು ಡಿಗ್ರಿಯ ಬಿಸಿ ಹೊತ್ತುಕೊಂಡು ಒಳಗೆ ಬರುತ್ತದೆ. ಇವರು ಒಂದು ಊದುಬತ್ತಿ ಹಚ್ಚಿ ಬಾಗಿಲ ಸಂದಿಯ ಹತ್ತಿರ ಹಿಡಿಯುತ್ತಾರೆ. ಹೊಗೆ ಒಳಮುಖವಾಗಿ ಬಾಗಿದ್ದನ್ನು ಮನೆಯವರಿಗೆ ತೋರಿಸುತ್ತಾರೆ. “ನೋಡಿ, ಗ್ಯಾಸ್ ಹಾಕುವ ಮೊದಲು ಇಲ್ಲಿ ರಬ್ಬರ್ ಪಟ್ಟಿ ಹಾಕಿ” ಎನ್ನುತ್ತಾರೆ. ಒಂದು ಸುರುಳಿ ರಬ್ಬರ್ ಪಟ್ಟಿಗೆ ಒಂದೆರಡು ದಿನಾರು. ಕೆಲವರು ಕೇಳುತ್ತಾರೆ, ಕೆಲವರು ಗ್ಯಾಸೇ ಹಾಕಿ ಎಂದು ಹಟ ಹಿಡಿಯುತ್ತಾರೆ.

ಕಿಟಕಿಯ ಕಥೆ ಇನ್ನೂ ದೊಡ್ಡದು. ಕುವೈತ್ ಇರುವುದು 29 ಡಿಗ್ರಿ ಉತ್ತರದಲ್ಲಿ. ಜೂನ್‌ನಲ್ಲಿ ನಡುಹಗಲಿನ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುವುದರಿಂದ ತೆಂಕುದಿಕ್ಕಿನ ಕಿಟಕಿಗೆ ಅಷ್ಟು ತೊಂದರೆಯಿಲ್ಲ. ಮೂರು ಗಂಟೆಯ ಮೇಲೆ ಪಡುವಣದ ಗಾಜಿಗೆ ನೇರ ಬಡಿಯುತ್ತದಲ್ಲ, ಆ ಬಿಸಿಲು ಕೆಟ್ಟದ್ದು. ಒಂದು ಚದರ ಮೀಟರ್ ಸಾದಾ ಗಾಜಿನೊಳಗಿಂದ ಆ ಹೊತ್ತಿನಲ್ಲಿ ಸುಮಾರು ಅರ್ಧ ಕಿಲೋವಾಟ್‌ನಷ್ಟು ಶಾಖ ಒಳಗೆ ಬರುತ್ತದೆ. ನಾಲ್ಕು ಚದರ ಮೀಟರ್ ಕಿಟಕಿಯಾದರೆ ಎರಡು ಕಿಲೋವಾಟ್, ಅಂದರೆ ಎರಡು ಇಸ್ತ್ರಿಪೆಟ್ಟಿಗೆಗಳನ್ನು ಹಾಲಿನಲ್ಲಿ ಸಂಜೆಯತನಕ ಬಿಸಿಮಾಡಿ ಇಟ್ಟಷ್ಟು. ಒಂದು ಟನ್ನಿನ ಎಸಿ ಹೊರಗೆ ಹಾಕಬಲ್ಲ ಶಾಖ ಮೂರೂವರೆ ಕಿಲೋವಾಟ್. ಒಂದೂವರೆ ಟನ್ನಿನದು ಐದೂಕಾಲು. ಆ ಎಸಿಯ ದುಡಿಮೆಯ ಮೂರನೇ ಒಂದು ಪಾಲಿಗಿಂತ ಹೆಚ್ಚು ಬರೀ ಕಿಟಕಿಯ ಬಿಸಿಲನ್ನು ಓಡಿಸುವುದಕ್ಕೇ ಹೋಗುತ್ತದೆ. ಆ ದುಡಿಮೆಗೆ ಬೇಕಾಗುವ ಕರೆಂಟನ್ನು ಸೋಲಾರಿನಿಂದಲೇ ಕೊಡುತ್ತೇನೆಂದು ಹೊರಟರೆ ದೊಡ್ಡ ಅಳತೆಯ ಎರಡು ಪ್ಯಾನೆಲ್ ಬೇಕು. ಕುವೈತಿನ ಬಿಸಿಲಲ್ಲಿ ಪ್ಯಾನೆಲ್ ತಾನೂ ಕಾಯುತ್ತದೆ. 25 ಡಿಗ್ರಿಯ ಮೇಲೆ ಒಂದೊಂದು ಡಿಗ್ರಿಗೂ ಅದರ ಶಕ್ತಿ ನೂರಕ್ಕೆ 0.4ರಷ್ಟು ಇಳಿಯುತ್ತದೆ, 70 ಡಿಗ್ರಿಗೆ ಕಾದ ಪ್ಯಾನೆಲ್ ತನ್ನ ಶಕ್ತಿಯ ಆರನೇ ಒಂದು ಪಾಲನ್ನೇ ಕಳೆದುಕೊಂಡಿರುತ್ತದೆ. ಅದರ ಮೇಲೆ ಧೂಳು. ಮರಳುಗಾಳಿ ಎದ್ದ ಮರುದಿನ ಕಾರಿನ ಗಾಜು ಒರೆಸಿದವರಿಗೆ ಆ ಧೂಳಿನ ಬಗ್ಗೆ ಹೇಳಬೇಕಾಗಿಲ್ಲ.

ಹಾಗಾದರೆ ಆ ಕಿಟಕಿಗೆ ಹೊರಗಡೆಯಿಂದ ನೆರಳು ಕೊಡುವುದೇ ಸರಿಯಾದ ದಾರಿ, ಯಾಕೆಂದರೆ ಗಾಜು ದಾಟಿದ ಬಿಸಿಲು ಆಗಲೇ ಮನೆಯೊಳಗಿನ ಬಿಸಿ. ಆದರೆ ಬಾಡಿಗೆ ಮನೆಯಲ್ಲಿ ಹೊರಗೋಡೆಗೆ ಒಂದು ಮೊಳೆ ಹೊಡೆಯುವ ಹಾಗಿಲ್ಲ. ಒಳಗಿನಿಂದ ಬಿಳಿ ಅಸ್ತರಿನ ದಪ್ಪ ಪರದೆ ಹಾಕಬಹುದು, ಗಾಜಿಗೆ ಬಿಸಿಲು ತಡೆಯುವ ಫಿಲ್ಮ್ ಅಂಟಿಸಬಹುದು. ಮಹಬೂಲಾ, ಮಂಗಾಫ್ ಕಡೆಯ ಕಟ್ಟಡಗಳನ್ನು ಕೆಳಗಿನಿಂದ ನೋಡಿದರೆ ಅಡುಗೆಯ ಅಲ್ಯುಮಿನಿಯಂ ಫಾಯಿಲನ್ನೇ ಗಾಜಿಗೆ ಅಂಟಿಸಿದ ಕಿಟಕಿಗಳು ಹೊಳೆಯುತ್ತಿರುತ್ತವೆ. ನೋಡಲು ಚಂದವಿಲ್ಲ ಎನ್ನುವವರಿದ್ದಾರೆ. ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವ ನರ್ಸುಗಳ ಕೋಣೆ ಅವು. ನನಗೆ ಅವು ಚಂದವಾಗೇ ಕಾಣುತ್ತವೆ.

ಒಂದು ಲೆಕ್ಕವನ್ನು ನಾನು ಸಿಕ್ಕಿದವರಿಗೆಲ್ಲ ಹೇಳುತ್ತೇನೆ. ಕುವೈತಿನ ಪಶ್ಚಿಮದ ಮರುಭೂಮಿಯಲ್ಲಿ, ನಗರದಿಂದ ಸುಮಾರು ನೂರು ಕಿಲೋಮೀಟರ್ ಆಚೆ, ಶಗಾಯಾ ಎಂಬಲ್ಲಿ ಒಂದು ನವೀಕರಿಸಬಹುದಾದ ಇಂಧನದ ಪಾರ್ಕ್ ಇದೆ. ಕುವೈತ್ ವೈಜ್ಞಾನಿಕ ಸಂಶೋಧನಾ ಸಂಸ್ಥೆ ಮುಂದೆ ನಿಂತು ಮಾಡಿಸಿದ್ದು. ಮೊದಲ ಹಂತದಲ್ಲಿ ಕನ್ನಡಿಗಳಿಂದ ಬಿಸಿಲನ್ನು ಒಟ್ಟುಗೂಡಿಸಿ, ಆ ಶಾಖವನ್ನು ಕರಗಿದ ಉಪ್ಪಿನಲ್ಲಿ ಕಾಪಿಟ್ಟು, ಸೂರ್ಯ ಮುಳುಗಿದ ಮೇಲೂ ಕರೆಂಟು ಕೊಡುವ 50 ಮೆಗಾವಾಟಿನ ಸ್ಥಾವರ. 10 ಮೆಗಾವಾಟಿನ ಸೋಲಾರ್ ಪ್ಯಾನೆಲ್. 10 ಮೆಗಾವಾಟಿನ ಗಾಳಿಯಂತ್ರ. ಒಟ್ಟು 70. ಒಳ್ಳೆಯ ಕೆಲಸ, ನನಗೆ ಹೆಮ್ಮೆಯೆನಿಸುವ ಕೆಲಸ. ಈಚಿನ ಬೇಸಿಗೆಗಳಲ್ಲಿ ದೇಶದ ಅತಿ ಹೆಚ್ಚಿನ ಬೇಡಿಕೆ 17,000 ಮೆಗಾವಾಟ್ ದಾಟಿದೆ. ಅದರಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಎಸಿಗಳದ್ದು, ಅಂದರೆ ಹತ್ತಿರ ಹತ್ತಿರ 12,000. ಎಸಿಯ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಿದರೆ ನೂರಕ್ಕೆ ಆರರಷ್ಟು ಕರೆಂಟು ಉಳಿಯುತ್ತದೆ ಎಂದು ಭಾರತದ ಇಂಧನ ದಕ್ಷತಾ ಬ್ಯೂರೊ ಹೇಳುತ್ತದೆ. ಇಲ್ಲಿನ ಸೆಖೆಯಲ್ಲಿ ಅದರ ಅರ್ಧವೇ ಸಿಕ್ಕಿತೆಂದು ಇಟ್ಟುಕೊಳ್ಳೋಣ. ಆದರೂ 350 ಮೆಗಾವಾಟಿನಷ್ಟು ಆಯಿತು. ಶಗಾಯಾದ ಮೊದಲ ಹಂತದಂಥ ಐದು. ಎಲ್ಲ ಮನೆ ಆಫೀಸುಗಳಲ್ಲಿ ರಿಮೋಟಿನ ಗುಂಡಿಯನ್ನು ಒಂದು ಸಲ ಒತ್ತಿದರೆ ಸಿಗುವಂಥದು. 2030ಕ್ಕೆ ನೂರಕ್ಕೆ ಹದಿನೈದು ಪಾಲು ಕರೆಂಟು ಸೂರ್ಯನಿಂದ, ಗಾಳಿಯಿಂದ ಬರಬೇಕೆಂದು ಆಗಿನ ಅಮೀರ್ ಶೇಖ್ ಸಬಾಹ್ ಅವರು 2012ರ ದೋಹಾ ಹವಾಮಾನ ಸಮ್ಮೇಳನದಲ್ಲಿ ಹೇಳಿದ್ದರು. ಬಳಕೆಯ ಒಟ್ಟು ಮೊತ್ತ ಹೀಗೇ ಏರುತ್ತಾ ಹೋದರೆ ಆ ಹದಿನೈದು ಪಾಲೂ ವರ್ಷ ವರ್ಷ ದೊಡ್ಡದಾಗುತ್ತಾ ದೂರ ಸರಿಯುತ್ತದೆ. ಇಳಿದರೆ ಅದೇ ಹತ್ತಿರ ಬರುತ್ತದೆ.

ಇಲ್ಲಿನ ವಿಜ್ಞಾನಿಗಳಿಗೆ ಇದು ಗೊತ್ತಿಲ್ಲದ ವಿಷಯವಲ್ಲ. 1983ರಲ್ಲೇ ಈ ದೇಶ ಕಟ್ಟಡಗಳಿಗೆ ಇಂಧನ ಉಳಿತಾಯದ ನಿಯಮ ತಂದಿತು: ಗೋಡೆಗೆ, ಚಾವಣಿಗೆ ಶಾಖ ತಡೆಯುವ ಪದರ ಹಾಕಲೇಬೇಕು, ಎಸಿಗೂ ದೀಪಕ್ಕೂ ಚದರ ಮೀಟರಿಗೆ ಇಷ್ಟೇ ವಾಟ್ ಎಂದು. ಅದಕ್ಕೂ ಮೊದಲು ಕಟ್ಟಿದ ಹಳೆಯ ಫ್ಲ್ಯಾಟುಗಳಲ್ಲಿ ಇದ್ದವರು ರಾತ್ರಿ ಹತ್ತಕ್ಕೆ ಗೋಡೆಗೆ ಬೆನ್ನು ಕೊಟ್ಟರೆ ವ್ಯತ್ಯಾಸ ತಿಳಿಯುತ್ತದೆ. ಹಗಲು ಕುಡಿದ ಬಿಸಿಲನ್ನು ಆ ಗೋಡೆ ಆಗ ಒಳಗೆ ಬಿಡುತ್ತಿರುತ್ತದೆ. ಸಂಶೋಧನಾ ಸಂಸ್ಥೆಯವರು ಸರಕಾರಿ ಕಟ್ಟಡಗಳಲ್ಲಿ ಇನ್ನೊಂದನ್ನು ಮಾಡಿ ತೋರಿಸಿದರು. ಆಫೀಸು ಮುಚ್ಚುವುದು ಮಧ್ಯಾಹ್ನ. ದೇಶದ ಬೇಡಿಕೆ ತುದಿಗೇರುವುದೂ ಮಧ್ಯಾಹ್ನವೇ. ಮುಚ್ಚುವುದಕ್ಕೆ ಸ್ವಲ್ಪ ಮೊದಲೇ ಎಸಿ ತಗ್ಗಿಸಿದರೂ ಕಟ್ಟಡದ ಕಾಂಕ್ರೀಟು, ಮೇಜು, ಕಡತಗಳೆಲ್ಲ ಹಿಡಿದಿಟ್ಟುಕೊಂಡ ತಂಪಿನಲ್ಲೇ ಕೊನೆಯ ಹೊತ್ತು ಕಳೆದುಹೋಗುತ್ತದೆ, ಯಾರಿಗೂ ಸೆಖೆ ತಿಳಿಯುವುದಿಲ್ಲ. ಮನೆಗೂ ಇದು ಹೊಂದುತ್ತದೆ. ಹೊರಗೆ ಹೊರಡುವ ಅರ್ಧ ಗಂಟೆ ಮೊದಲು ಎಸಿ ನಿಲ್ಲಿಸಿ ನೋಡಬಹುದು. ರಜೆಗೆ ಊರಿಗೆ ಹೋಗುವಾಗ ಎರಡು ತಿಂಗಳು ಎಸಿ ಹಾಕಿಯೇ ಬೀಗ ಹಾಕಿಹೋಗುವ ಮನೆಗಳು ಇಲ್ಲಿವೆ, ಸೋಫಾ ಹಾಳಾಗುತ್ತದೆ ಎಂದು. ಖಾಲಿ ಮನೆಗೆ 22 ಡಿಗ್ರಿ ಯಾಕೆ? ಪರದೆ ಮುಚ್ಚಿ, ಮೂವತ್ತಕ್ಕೆ ಇಟ್ಟು ಹೋದರೂ ಸೋಫಾ ಇದ್ದ ಹಾಗೇ ಇರುತ್ತದೆ.

2024ರ ಜೂನ್ ತಿಂಗಳಲ್ಲಿ ಈ ಲೆಕ್ಕವೆಲ್ಲ ಕಾಗದದಿಂದ ಮನೆಯೊಳಗೆ ಬಂತು. ಬೇಡಿಕೆಯನ್ನು ಪೂರೈಸಲಾಗದೆ ಸರಕಾರ ಬಡಾವಣೆಗಳ ಪಟ್ಟಿ ಹಾಕಿ, ಉರಿಬಿಸಿಲಿನ ಹೊತ್ತಿನಲ್ಲೇ ಒಂದೆರಡು ಗಂಟೆ ಕರೆಂಟು ತೆಗೆಯಬೇಕಾಯಿತು. ತೈಲದ ಮೇಲೆ ಕುಳಿತ ದೇಶದಲ್ಲಿ ಲೋಡ್ ಶೆಡ್ಡಿಂಗ್! ಊರಿನವರು ಫೋನಿನಲ್ಲಿ ನಂಬಲೇ ಇಲ್ಲ. ಒಮಾನ್ ಮತ್ತು ಕತಾರ್‌ನಿಂದ ಕೊಲ್ಲಿ ದೇಶಗಳ ಜಂಟಿ ಜಾಲದ ಮೂಲಕ ಕರೆಂಟು ಕೊಂಡರು. 2025ರ ಬೇಸಿಗೆ ಶುರುವಾಗುವಾಗ ಮತ್ತೆ ಅದೇ ಪಾಡು. ಮಸೀದಿಗಳಲ್ಲೂ ಮಿತವಾಗಿ ಬಳಸಿ ಎಂದು ಇಸ್ಲಾಮಿಕ್ ವ್ಯವಹಾರಗಳ ಸಚಿವಾಲಯ ಸೂಚಿಸಿತು. ಕರೆಂಟು ಹೋದ ಆ ಹೊತ್ತುಗಳಲ್ಲಿ ನಾನು ಗಮನಿಸಿದ್ದು ಇಷ್ಟು. ಪಡುವಣದ ಪರದೆ ಮುಚ್ಚಿದ್ದ, ಬಾಗಿಲ ಸಂದಿ ಮುಚ್ಚಿದ್ದ ಮನೆಗಳು ಒಂದು ಗಂಟೆಯವರೆಗೂ ತಡೆದುಕೊಂಡವು. ಮಕ್ಕಳು ಆಡುತ್ತಿದ್ದುದು ಆಡುತ್ತಲೇ ಇದ್ದರು. ಪರದೆ ತೆರೆದಿಟ್ಟ ಮನೆಗಳವರು ಕಾಲು ಗಂಟೆಯಲ್ಲಿ ಮುದುಕರನ್ನೂ ಮಕ್ಕಳನ್ನೂ ಕರೆದುಕೊಂಡು ಮೆಟ್ಟಿಲಿಳಿದು ಕಾರಿನಲ್ಲಿ ಎಸಿ ಹಾಕಿ ಕೂತರು. ಉಳಿತಾಯವೆಂದರೆ ಬರೀ ದುಡ್ಡಿನ ವಿಷಯ ಎಂದುಕೊಂಡವರಿಗೆ ನಾನು ಈ ಮಾತು ಹೇಳುತ್ತೇನೆ.

ನೀರಿನ ಮಾತನ್ನೂ ಹೇಳಬೇಕು. ಇಲ್ಲಿ ನದಿಯಿಲ್ಲ, ಕೆರೆಯಿಲ್ಲ. ಹಿಂದೆ ಶತ್ ಅಲ್ ಅರಬ್ ನದಿಯಿಂದ ಹಾಯಿಹಡಗುಗಳಲ್ಲಿ ಕುಡಿಯುವ ನೀರು ತರುತ್ತಿದ್ದರು; 1950ರ ದಶಕದಿಂದ ಸಮುದ್ರದ ನೀರಿನ ಉಪ್ಪು ತೆಗೆದು ಕೊಡುತ್ತಿದ್ದಾರೆ. ಕುವೈತಿನದೇ ದೋಹಾ, ಅಜ್ಜೂರ್, ಸಬಿಯಾ ಸ್ಥಾವರಗಳಲ್ಲಿ ಕರೆಂಟೂ ನೀರೂ ಒಟ್ಟಿಗೆ ಹುಟ್ಟುತ್ತವೆ, ಎರಡಕ್ಕೂ ಒಂದೇ ಒಲೆ. ಅತ್ಯಂತ ಮಿತವ್ಯಯದ ಹೊಸ ವಿಧಾನದಲ್ಲೂ ಸಾವಿರ ಲೀಟರಿಗೆ ಮೂರು ನಾಲ್ಕು ಯೂನಿಟ್ ಕರೆಂಟು ಬೇಕು, ಹಳೆಯ ಬಟ್ಟಿ ಇಳಿಸುವ ವಿಧಾನಕ್ಕೆ ಇನ್ನೂ ಹೆಚ್ಚು. ಬೆಳಿಗ್ಗೆ ಪೈಪು ಹಿಡಿದು ಕಾರು ತೊಳೆಯುವಾಗ ಹರಿದುಹೋಗುವುದು ಒಂದು ರೀತಿಯಲ್ಲಿ ಕರೆಂಟೇ.

ಕುವೈತ್ ನಗರದ ಗಲ್ಫ್ ರಸ್ತೆಯಲ್ಲಿ, ಸಾದು ಹೌಸಿನ ಹತ್ತಿರ, ಬೈತ್ ಅಲ್ ಬದರ್ ಎಂಬ ಹಳೆಯ ಮನೆಯೊಂದಿದೆ. ಹತ್ತೊಂಬತ್ತನೇ ಶತಮಾನದ್ದು. ದಪ್ಪ ಮಣ್ಣಿನ ಗೋಡೆ, ಬೀದಿಗೆ ಕಿಟಕಿಯಿಲ್ಲ ಎನ್ನುವಷ್ಟು ಕಡಿಮೆ, ಎಲ್ಲ ಕೋಣೆಗಳೂ ತೆರೆದುಕೊಳ್ಳುವುದು ಒಳಗಿನ ಅಂಗಳಕ್ಕೆ. ಊರಿನ ನೆಂಟರು ಬಂದಾಗ ಕುವೈತ್ ಟವರುಗಳನ್ನು ತೋರಿಸಿದ ಮೇಲೆ ಅಲ್ಲಿಗೂ ಕರೆದುಕೊಂಡು ಹೋಗುತ್ತೇನೆ. ಇಂಥ ಮನೆಗಳ ಚಾವಣಿಗೆ ಆಫ್ರಿಕಾದ ಪೂರ್ವ ಕರಾವಳಿಯಿಂದ ಚಂದಲ್ ಎಂಬ ಮ್ಯಾಂಗ್ರೋವ್ ಕಂಬಗಳು ಬರುತ್ತಿದ್ದವು. ಹಡಗಿಗೂ ಬಾಗಿಲಿಗೂ ಸಾಗುವಾನಿ ನಮ್ಮ ಕಡೆಯ ಮಲಬಾರಿನಿಂದ. 1961ರಲ್ಲಿ ದಿನಾರು ಬರುವತನಕ ಇಲ್ಲಿ ಚಲಾವಣೆಯಲ್ಲಿದ್ದದ್ದೂ ರೂಪಾಯಿಯೇ. ಬೇಸಿಗೆಯ ರಾತ್ರಿ ಜನ ತಾರಸಿಯ ಮೇಲೆ ಮಲಗುತ್ತಿದ್ದರು. ಆ ಬದುಕು ಸುಲಭವಾಗಿತ್ತೆಂದು ನಾನು ಹೇಳಲಾರೆ. ಆ ಬೇಸಿಗೆಗಳನ್ನು ದಾಟಲಾಗದವರೂ ಇದ್ದಿರಬೇಕು. ಆದರೆ ಆ ಮನೆ ಕಟ್ಟಿದವರಿಗೆ ಬಿಸಿಲು ಯಾವ ಗೋಡೆಗೆ ಎಷ್ಟು ಹೊತ್ತಿಗೆ ಬರುತ್ತದೆಂದು ಗೊತ್ತಿತ್ತು. ಅದೇ ತಿಳಿವಳಿಕೆಯ ಮೇಲೆ ಎಸಿಯನ್ನು ಕೂರಿಸಿದ್ದರೆ ಇವತ್ತಿನ ಅರ್ಧ ಯಂತ್ರ ಸಾಕಾಗುತ್ತಿತ್ತು ಎಂದು ನನ್ನ ನಂಬಿಕೆ. ಕರೆಂಟು ಅಗ್ಗವಾದ ಮೇಲೆ ಮನೆ ಯೋಚಿಸುವುದನ್ನು ನಿಲ್ಲಿಸಿತು. ಯೋಚನೆಯನ್ನೆಲ್ಲ ಯಂತ್ರಕ್ಕೆ ಬಿಟ್ಟೆವು.

ಇದನ್ನೇ ದೊಡ್ಡ ಮಟ್ಟದಲ್ಲಿ ಯೋಚಿಸಿದವರೊಬ್ಬರು ನಮ್ಮ ಬೆಂಗಳೂರಿನಲ್ಲೇ ಇದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಅಮೂಲ್ಯ ಕೆ. ಎನ್. ರೆಡ್ಡಿ. 1974ರಲ್ಲಿ ಅಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಕೇಂದ್ರ ಕಟ್ಟಿದವರು. 1980ರ ದಶಕದ ಕೊನೆಗೆ ಕರ್ನಾಟಕ ಸರಕಾರದ ಸಮಿತಿಯೊಂದು 2000ನೇ ಇಸವಿಗೆ ರಾಜ್ಯಕ್ಕೆ ಎಷ್ಟು ವಿದ್ಯುತ್ ಬೇಕೆಂದು ಭಾರಿ ಅಂದಾಜು ಮಾಡಿ, ಅದಕ್ಕೆ ತಕ್ಕ ದೊಡ್ಡ ದೊಡ್ಡ ಸ್ಥಾವರಗಳ ಪಟ್ಟಿ ಕೊಟ್ಟಿತು. ರೆಡ್ಡಿಯವರೂ ಸಂಗಡಿಗರೂ ಬೇರೆ ತುದಿಯಿಂದ ಶುರುಮಾಡಿದರು. ಜನರಿಗೆ ಬೇಕಾದದ್ದು ಕಿಲೋವಾಟ್ ಅಲ್ಲ. ಬೆಳಕು, ಬಿಸಿನೀರು, ಹೊಲಕ್ಕೆ ನೀರು. ಅದನ್ನು ಕಡಿಮೆ ವಿದ್ಯುತ್ತಿನಲ್ಲಿ ಕೊಡಲು ಬರುತ್ತದೆಯೇ? ಬುಡ್ಡಿ ಬಲ್ಬಿನ ಬದಲು ಸಿಎಫ್‌ಎಲ್, ಕರೆಂಟಿನ ಗೀಸರಿನ ಬದಲು ಸೋಲಾರ್ ವಾಟರ್ ಹೀಟರ್, ಸರಿಯಾದ ಪಂಪ್‌ಸೆಟ್. ಮೊದಲು ಅಗ್ಗದ ಉಳಿತಾಯ, ಆಮೇಲೆ ಊರೂರಿನ ಸಣ್ಣ ಉತ್ಪಾದನೆ, ಕೊನೆಗೆ ದೊಡ್ಡ ಸ್ಥಾವರ. ರಾಜ್ಯದ ಎಲ್ಲ ಮನೆಗಳಿಗೂ ದೀಪ ಕೊಟ್ಟ ಮೇಲೂ ಅವರ ಲೆಕ್ಕದ ಮೊತ್ತ ಸಮಿತಿಯ ಲೆಕ್ಕದ ಅರ್ಧಕ್ಕಿಂತ ಕಡಿಮೆಯಾಯಿತು. 1995ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸೆಲ್ಕೋ ಬಡವರ ಮನೆಗೆ ಸೋಲಾರ್ ದೀಪ ಕೊಡುವಾಗಲೂ ಹೀಗೇ ಮಾಡುತ್ತದೆ. ಹೆಂಗಸು ಎಲ್ಲಿ ಕೂತು ಹೂ ಕಟ್ಟುತ್ತಾಳೆ, ಮಗು ಎಲ್ಲಿ ಓದುತ್ತದೆ ಎಂಬುದು ಮೊದಲು, ಪ್ಯಾನೆಲ್ಲಿನ ಅಳತೆ ಆಮೇಲೆ. ಬಡವನ ಮನೆಗೆ ಕೇಳುವ ಈ ಪ್ರಶ್ನೆಯನ್ನು ಉಳ್ಳವರ ಮನೆಗೆ ಯಾಕೆ ಕೇಳುವುದಿಲ್ಲವೋ.

ಕುಂದಾಪುರದ ಹತ್ತಿರ ನನ್ನ ತಮ್ಮ ಮನೆ ಕಟ್ಟಿಸುತ್ತಿದ್ದಾನೆ. ಅವನೂ ಹಿಂದೆ ಸೌದಿಯಲ್ಲಿದ್ದವನು. ಫೋನು ಮಾಡಿದ.

“ಅಕ್ಕಾ, ಹತ್ತು ಕಿಲೋವಾಟ್ ಸೋಲಾರ್ ಹಾಕುದು ಅಂತ ಮಾಡಿದ್ದೇನೆ. ನಾಲ್ಕೂ ರೂಮಿಗೆ ಎಸಿ. ಭಾವನನ್ನು ಕೇಳು, ಯಾವ ಕಂಪೆನಿದು ಒಳ್ಳೇದು ಅಂತ.”

“ಭಾವನನ್ನು ಆಮೇಲೆ ಕೇಳುವ. ಹಾಲಿನ ಗಾಜು ಎಷ್ಟು ದೊಡ್ಡದು?”

“ಪಡು ಬದಿಯ ಗೋಡೆ ಇಡೀ ಗಾಜು. ಗದ್ದೆ ಕಾಣ್ತದೆ.”

“ತೆರೀಲಿಕ್ಕೆ ಬರ್ತದಾ?”

“ಇಲ್ಲ. ಫಿಕ್ಸೆಡ್.”

ಸಮುದ್ರ ಅಲ್ಲಿಂದ ಮೂರು ಮೈಲಿಯಿಲ್ಲ. ಮಧ್ಯಾಹ್ನದ ಮೇಲೆ ಪಡುಗಾಳಿ ಬೀಸುವ ಜಾಗ. ನಮ್ಮ ಅಪ್ಪನ ಮನೆಗೆ ಹಂಚಿನ ಮಾಡು, ನಾಲ್ಕೂ ಕಡೆ ಇಳಿಬಿದ್ದ ಸೂರು, ಸುತ್ತ ಜಗಲಿ. ಮಳೆಗಾಲಕ್ಕೆ ಪಡು ಬದಿಗೆ ಮಡಲಿನ ತಟ್ಟಿ ಕಟ್ಟುತ್ತಿದ್ದರು, ಇರಿಚಲು ಹೊಡೆಯದ ಹಾಗೆ. ಬೇಸಿಗೆಯಲ್ಲೂ ಬಿಸಿಲು ಗೋಡೆ ಮುಟ್ಟುವುದಕ್ಕೆ ಸೂರು ಬಿಡುತ್ತಿರಲಿಲ್ಲ. ಆ ಊರಿನಲ್ಲಿ ಈಗ ನಾವು ಗಲ್ಫಿನ ದುಡ್ಡಿನ ಜೊತೆ ಗಲ್ಫಿನ ಮನೆಯನ್ನೂ ಕಳಿಸುತ್ತಿದ್ದೇವೆ. ಚಪ್ಪಟೆ ತಾರಸಿ, ಬೋಳು ಗೋಡೆ, ತೆರೆಯದ ಗಾಜು. ಆಮೇಲೆ ಆ ಮನೆಯನ್ನು ತಣ್ಣಗಿಡುವುದಕ್ಕೆ ಎಸಿ, ಎಸಿಗೆ ಸೋಲಾರ್. ಭಟ್ಕಳದಿಂದ ಕಾಸರಗೋಡಿನವರೆಗೂ ರಸ್ತೆ ಬದಿಯಲ್ಲಿ ನೋಡಿಕೊಂಡು ಹೋದರೆ ಇಂಥವು ಎಷ್ಟು ಬೇಕಾದರೂ ಸಿಗುತ್ತವೆ. ನೋಡುವಾಗ ಹೊಟ್ಟೆಯೊಳಗೆ ಬೇಸರವಾಗುತ್ತದೆ. ಕುವೈತಿನವರಿಗೆ ಮರುಭೂಮಿಯ ಬಿಸಿಲಿತ್ತು, ಎಸಿ ಬೇಕೇ ಬೇಕು. ನಮಗೇನಿತ್ತು?

ಆವತ್ತಿನಿಂದ ನಾನೂ ಇವರೂ ತಮ್ಮನ ನಕ್ಷೆಯ ಹಿಂದೆ ಬಿದ್ದಿದ್ದೇವೆ. ತಾರಸಿಯ ಮೇಲೆ ಸ್ವಲ್ಪ ಎತ್ತರದಲ್ಲಿ ಹಂಚಿನ ಮಾಡು, ನಡುವೆ ಗಾಳಿ ಆಡುವಂತೆ: ಇದಕ್ಕೆ ಅವನು ಒಪ್ಪಿದ್ದಾನೆ, ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಜಾಗವಾಗುತ್ತದೆಂದು ನಾದಿನಿಯೇ ಬೆಂಬಲಕ್ಕೆ ನಿಂತಳು. ಎಲ್ಲ ಕೋಣೆಗೂ ಬಿಎಲ್‌ಡಿಸಿ ಫ್ಯಾನ್. ಹಳೆಯದು 75 ವಾಟ್ ತಿನ್ನುವಲ್ಲಿ ಇದು ಮೂವತ್ತರಲ್ಲಿ ತಿರುಗುತ್ತದೆ. ಸ್ನಾನಕ್ಕೆ ಸೋಲಾರ್ ವಾಟರ್ ಹೀಟರ್, ಮಳೆಗಾಲಕ್ಕೆ ಬಚ್ಚಲೊಲೆ ಹೇಗೂ ಇದೆ, ತೆಂಗಿನ ಗರಿಗೆ ಬರವಿಲ್ಲ. ಎಸಿ ಒಂದೇ ಕೋಣೆಗೆ, ಅಮ್ಮನ ಕೋಣೆಗೆ. ಏಪ್ರಿಲ್ ಮೇ ತಿಂಗಳ ರಾತ್ರಿಗಳಲ್ಲಿ ಅವಳಿಗೆ ಉಸಿರು ಕಟ್ಟಿದಂತಾಗುತ್ತದೆ. ಇಷ್ಟಾದ ಮೇಲೆ ಎಲೆಕ್ಟ್ರಿಷಿಯನ್ ಲೋಡ್ ಲೆಕ್ಕ ಹಾಕಿದರೆ ಮೂರು ಕಿಲೋವಾಟ್ ಧಾರಾಳ ಸಾಕು. ಬಿಸಿಲಿನ ದಿನ ಹನ್ನೆರಡು ಯೂನಿಟ್ಟಿನ ಆಸುಪಾಸು ಬರುತ್ತದೆ. ಆಷಾಢದ ಮೋಡದಲ್ಲಿ ಕಡಿಮೆಯಾದಾಗ ಮೆಸ್ಕಾಂನ ಕರೆಂಟು ಇದೆ. ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯ ಸಹಾಯಧನವೂ ಮೂರು ಕಿಲೋವಾಟಿಗೇ ಗರಿಷ್ಠ, 78,000 ರೂಪಾಯಿ. ಅದರಾಚೆ ಹಾಕಿಸಿದ್ದೆಲ್ಲ ಪೂರ್ತಿ ಕೈಯಿಂದ.

ಗಾಜಿನ ಗೋಡೆಯ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ಗದ್ದೆ ಕಾಣಬೇಕು ಎಂಬ ಅವನ ಆಸೆ ತಪ್ಪಲ್ಲ. ಪರದೇಶದಲ್ಲಿ ಅಷ್ಟು ವರ್ಷ ಗೋಡೆ ನೋಡಿಕೊಂಡು ಮಲಗಿದವನು. ಪಡು ಬದಿಗೆ ಎಂಟು ಅಡಿ ಅಗಲದ ಜಗಲಿ ಕೊಟ್ಟು, ಗಾಜನ್ನು ಮಡಚುವ ಬಾಗಿಲುಗಳನ್ನಾಗಿ ಮಾಡಿದರೆ ಗದ್ದೆಯೂ ಕಾಣುತ್ತದೆ, ಗಾಳಿಯೂ ಬರುತ್ತದೆ ಎಂದು ಇವರು ಒಂದು ಚಿತ್ರ ಬರೆದು ಕಳಿಸಿದ್ದಾರೆ. ಜಗಲಿಗೆ ಕಂಬ ನಿಲ್ಲಿಸಿದರೆ ಅಂಗಳದಲ್ಲಿ ಕಾರು ತಿರುಗುವುದಿಲ್ಲ ಎಂದು ಇಂಜಿನಿಯರ್ ತಕರಾರು ತೆಗೆದಿದ್ದಾರಂತೆ. ಕಾರಿನ ಅಳತೆ ಕಳಿಸು ಎಂದು ತಮ್ಮನಿಗೆ ಹೇಳಿದ್ದೇನೆ.